ಪಡುವಣ ಬೆಂಗಳೂರು: ಕಾಲ್ನಡಿಗೆಯಲ್ಲಿ ಕಂಡ ಇತಿಹಾಸ

(ಪ್ರತಿಷ್ಠಾ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಬಸದಿಯೊಂದರ ಪ್ರತಿಷ್ಠಾ ಮಹೋತ್ಸವದಲ್ಲಿ ಊರಿನ ಇತಿಹಾಸವನ್ನು ಕುರಿತ ಮಾತಿಗೂ ಎಡೆಯಿರುವುದು ಉಚಿತವೇ ಆಗಿದೆ. ಕನ್ನಡ ನಾಡಿನ ಇತಿಹಾಸದ ಆಕರಗಳಲ್ಲಿ ಗಣನೀಯವಾದ ಒಂದು ಭಾಗವು ಬಸದಿಗಳ ಗೋಡೆ, ಕಂಬ, ಅಂಗಳಗಳಲ್ಲಿಯೇ ಉಳಿದು ಬಂದಿರುವುದು ಬಲ್ಲವರೆಲ್ಲರೂ ಒಪ್ಪಿದ ಸಂಗತಿ. ಆದರೆ ಶ್ರವಣಬೆಳಗೊಳ, ಹೊಂಬುಜ, ಮೂಡುಬಿದಿರೆ, ಕಾರ್ಕಳಗಳ ವಿಷಯವನ್ನು ತಡೆಯಿಲ್ಲದೆ ಹೇಳಬಲ್ಲ ಅನೇಕರು, ತಾವು ದಿನವೂ ಓಡಾಡುವ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ವಿಷಯ ಬಂದಾಗ ಮೌನವಾಗುವರು. ‘ಇವೆಲ್ಲ ನಿನ್ನೆ ಮೊನ್ನೆಯ ಬಡಾವಣೆಗಳು; ಇಲ್ಲಿ ಎಂಥ ಇತಿಹಾಸ?’ ಎಂಬುದು ಎಲ್ಲೆಡೆಯೂ ಕೇಳಿಬರುವ ಪ್ರಶ್ನೆ. ಇದಕ್ಕೆ ಉತ್ತರ ಗ್ರಂಥಾಲಯದಲ್ಲಿ ಅರ್ಧ ದೊರೆಯುವುದು. ಉಳಿದರ್ಧ ದೊರೆಯಬೇಕಾದರೆ ಮನೆಯಿಂದ ಹೊರಟು ನಡೆಯಬೇಕು.

ನಡಿಗೆಯ ಮಹಿಮೆಯನ್ನು ಜೈನ ಸಮಾಜಕ್ಕೆ ಹೊಸದಾಗಿ ಹೇಳಬೇಕಾದುದಿಲ್ಲ. ಮುನಿಗಳು ಚಾತುರ್ಮಾಸ್ಯವನ್ನುಳಿದು ವರ್ಷವಿಡೀ ಊರಿಂದೂರಿಗೆ ಪಾದವಿಹಾರ ಮಾಡುವುದನ್ನು ಮನೆಮನೆಯವರೂ ಬಲ್ಲರು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯಬೇಕೆಂಬ ಈರ್ಯಾಸಮಿತಿಯ ಉದ್ದೇಶ ಜೀವರಕ್ಷಣೆಯೇ ಹೊರತು ಇತಿಹಾಸ ಸಂಶೋಧನೆಯಲ್ಲ, ನಿಜ. ಆದರೂ ನೆಲವನ್ನು ನೋಡಿ ನಡೆಯುವವನಿಗೆ ಕಾಣುವ ಎಷ್ಟೋ ವಸ್ತುಗಳು ವಾಹನದಲ್ಲಿ ಕುಳಿತವನಿಗೆ ಕಾಣವು. ಚರಂಡಿಯ ಮೇಲೆ ಹಾಸಿದ ಚಪ್ಪಡಿಯಲ್ಲಿ ಸವೆದ ಅಕ್ಷರ, ಅರಳಿಕಟ್ಟೆಯ ಹಿಂಬದಿಗೆ ಒರಗಿಸಿದ ವೀರಗಲ್ಲು, ಬೀದಿ ಇದ್ದಕ್ಕಿದ್ದಂತೆ ಇಳಿಜಾರಾಗುವ ಬಗೆ, ಇವೆಲ್ಲವೂ ಕಾಲಿಗೂ ಕಣ್ಣಿಗೂ ಒಟ್ಟಾಗಿ ದಕ್ಕತಕ್ಕವು.

ಈ ಬಗೆಯ ನಡಿಗೆಗೆ ಮಾರ್ಗದರ್ಶಕನು ಬೇಕೆಂದಿಲ್ಲ. ಪಾರಂಪರಿಕ ನಡಿಗೆಗಳನ್ನು ಏರ್ಪಡಿಸುವ ಸಂಸ್ಥೆಗಳು ನಗರದಲ್ಲಿ ಉಂಟು. ಅವುಗಳಿಂದ ಉಪಕಾರವೂ ಆಗಿದೆ. ಆದರೆ ಅಂತಹ ನಡಿಗೆಗಳು ಬಹುಮಟ್ಟಿಗೆ ಕೋಟೆ, ಪೇಟೆ, ದಂಡು ಪ್ರದೇಶ, ಬಸವನಗುಡಿಗಳ ಸುತ್ತಲೇ ತಿರುಗುತ್ತವೆ. ಪಡುವಣ ದಿಕ್ಕಿನ ಬಡಾವಣೆಗಳಲ್ಲಿ ವಾಸಿಸುವವರು ತಮ್ಮ ನಡಿಗೆಯನ್ನು ತಾವೇ ರೂಪಿಸಿಕೊಳ್ಳಬೇಕು. ಹೊರಡುವ ಮುನ್ನ ಬ. ನ. ಸುಂದರರಾಯರ ‘ಬೆಂಗಳೂರಿನ ಇತಿಹಾಸ’ವನ್ನೂ, ಫಜಲುಲ್ ಹಸನರು 1970ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಬೆಂಗಳೂರಿನ ಚರಿತ್ರೆಯನ್ನೂ ಒಮ್ಮೆ ತಿರುವಿ ನೋಡಿದರೆ ಒಳ್ಳೆಯದು. ಇವೆರಡಕ್ಕೂ ಮಿಗಿಲಾದ ಸಂಗಾತಿಯೆಂದರೆ ಬಿ. ಎಲ್. ರೈಸರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟ. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳೆಲ್ಲ ಅದರಲ್ಲಿ ತಾಲ್ಲೂಕುವಾರು ಸೇರಿವೆ. ಊರ ಹೆಸರನ್ನು ಹಿಡಿದು ಹುಡುಕಿದರೆ ಅಲ್ಲಿ ನೂರಿಪ್ಪತ್ತು ವರ್ಷಗಳ ಹಿಂದೆ ಯಾವ ಕಲ್ಲು ಎಲ್ಲಿ ನಿಂತಿದ್ದಿತೆಂಬುದು ತಿಳಿಯುವುದು. ‘ಗುಡಿಯ ಮುಂದೆ’, ‘ಕೆರೆಯ ಏರಿಯ ಮೇಲೆ’, ‘ಇಂಥವನ ಹೊಲದಲ್ಲಿ’ ಎಂಬ ಬಗೆಯ ಗುರುತುಗಳು ಇಂದಿನ ಬಡಾವಣೆಯಲ್ಲಿ ನಿಂತು ಓದಿದಾಗ ವಿಚಿತ್ರವಾದ ಭಾವವನ್ನು ಉಂಟುಮಾಡುವುವು.

ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಹಂಬಲ ಮಾತ್ರ ಕೂಡದು. ಶ್ರಾವಕರ ದೇಶವ್ರತದಲ್ಲಿ ‘ಇಂದು ಈ ಬೀದಿಯನ್ನು, ಈ ಹಳ್ಳವನ್ನು ಮೀರಿ ಹೋಗೆನು’ ಎಂದು ನಿಯಮ ಮಾಡಿಕೊಳ್ಳುವ ಪದ್ಧತಿಯುಂಟಷ್ಟೆ. ಊರನ್ನು ಅರಿಯಹೊರಟವನಿಗೂ ಆ ನಿಯಮ ಹಿತಕರ. ಎರಡು ಮೂರು ಕಿಲೋಮೀಟರುಗಳ ಒಂದು ರಸ್ತೆ, ಬೆಳಗಿನ ಎರಡು ಗಂಟೆ, ಒಂದು ಟಿಪ್ಪಣಿ ಪುಸ್ತಕ: ಇಷ್ಟು ಸಾಕು.

ಮೊದಲ ದಿನದ ಪಾಠವನ್ನು ಹೆಸರುಗಳಿಂದಲೇ ಆರಂಭಿಸಬಹುದು. ಪಡುವಣ ಬೆಂಗಳೂರಿನಲ್ಲಿ ಎರಡು ಪದರಗಳ ಹೆಸರುಗಳಿವೆ. ಮೇಲಿನ ಪದರ ಸ್ವಾತಂತ್ರ್ಯಾನಂತರದ್ದು. ಸ್ವತಂತ್ರ ಭಾರತದಲ್ಲಿ 1948ರಿಂದ 1950ರ ವರೆಗೆ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತ ರಾಜಾಜಿನಗರವು ಕಾರ್ಖಾನೆಗಳಿಗೂ ಅಲ್ಲಿ ದುಡಿಯುವವರಿಗೂ ಒಟ್ಟಿಗೆ ನೆಲೆಯಾಗಬೇಕೆಂದು ಯೋಜಿಸಿದ ಕೈಗಾರಿಕಾ ಉಪನಗರ. ಊರನ್ನು ಬೆಳೆಸುವ ಹೊಣೆ 1945ರಲ್ಲಿ ರಚಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯದಾಗಿದ್ದಿತು. 1976ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ವಿಜಯನಗರವೆಂಬ ಹೆಸರಿನ ಬಳಿಯಲ್ಲೇ ಹಂಪಿನಗರವೂ ಇರುವುದನ್ನು ಕಂಡಾಗ, ಹೆಸರಿಟ್ಟವರ ಮನಸ್ಸಿನಲ್ಲಿ ಕರ್ನಾಟಕದ ಗತವೈಭವ ಎಷ್ಟು ಗಾಢವಾಗಿ ನೆಲೆಸಿದ್ದಿತೆಂಬುದು ಅರಿವಾಗುವುದು. ಬಸವೇಶ್ವರನಗರದ ಒಳಗೆ ನಡೆದರೆ ಕೆ.ಎಚ್.ಬಿ. ಕಾಲೋನಿ, ಬಿ.ಇ.ಎಂ.ಎಲ್. ಬಡಾವಣೆ ಎಂಬ ಹೆಸರುಗಳು ಎದುರಾಗುವುವು. ಗೃಹಮಂಡಳಿಯ ಮನೆಗಳೂ ಸಾರ್ವಜನಿಕ ಉದ್ಯಮಗಳ ನೌಕರರ ಸಹಕಾರವೂ ಈ ಭಾಗವನ್ನು ಕಟ್ಟಿದುವೆಂಬ ಇತಿಹಾಸ ಆ ಫಲಕಗಳಲ್ಲೇ ಅಡಗಿದೆ. ಈ ಸಭೆಯಲ್ಲಿರುವ ಎಷ್ಟೋ ಕುಟುಂಬಗಳ ಹಿರಿಯರು ತುಮಕೂರು, ಹಾಸನ, ದಕ್ಷಿಣ ಕನ್ನಡಗಳ ಊರುಗಳನ್ನು ಬಿಟ್ಟು ಬಂದು ನೆಲಸಿದುದೂ ಇಂತಹ ಬೀದಿಗಳಲ್ಲಿಯೇ.

ಕಾರ್ಡ್ ರಸ್ತೆಯ ಹೆಸರನ್ನು ದಿನವೂ ಉಚ್ಚರಿಸುವವರಲ್ಲಿ ಅದರ ಅರ್ಥವನ್ನು ಚಿಂತಿಸಿದವರು ವಿರಳ. ಗಣಿತದಲ್ಲಿ ವೃತ್ತದ ಎರಡು ಬಿಂದುಗಳನ್ನು ನೇರವಾಗಿ ಕೂಡಿಸುವ ಗೆರೆಗೆ ಜ್ಯಾ ಎಂದು ಹೆಸರು. ಇಂಗ್ಲಿಷಿನಲ್ಲಿ ಅದೇ ಕಾರ್ಡ್. ಮೈಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ಊರಿನ ನಡುವೆ ಹಾಯದೆ ಕೂಡಿಸುವ ಗೆರೆಯೇ ಈ ರಸ್ತೆ. ಒಂದು ಕಾಲಕ್ಕೆ ಅದು ಊರಿನ ಅಂಚು. ಅದರಾಚೆಗೆ ಬೆಳೆದ ಬಡಾವಣೆಗೆ ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದೇ ಹೆಸರಾಯಿತು. ಜ್ಯಾಮಿತಿಯ ಪಾರಿಭಾಷಿಕ ಪದವೊಂದು ಅಂಚೆಯ ವಿಳಾಸವಾಗಿ ನಿಂತ ಉದಾಹರಣೆ ಬೇರೆ ಊರುಗಳಲ್ಲಿ ಅಪರೂಪವೇ ಇರಬೇಕು.

ಇದೇ ದಾರಿಯಲ್ಲಿ ಯಶವಂತಪುರದ ಕಡೆಗೆ ನಡೆದವರಿಗೆ ಶ್ರೀಗಂಧದ ಪರಿಮಳ ಬೇಗನೆ ಎದುರಾಗುವುದು. ಮೊದಲನೆಯ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಗಂಧದ ಕೊರಡು ಯೂರೋಪಿಗೆ ಹೋಗದೆ ರಾಶಿ ಬಿದ್ದಾಗ, 1916ರಲ್ಲಿ ಎಣ್ಣೆ ತೆಗೆಯುವ ಕಾರ್ಯ ಇಲ್ಲಿಯೇ ಆರಂಭವಾಯಿತು. 1918ರ ಹೊತ್ತಿಗೆ ಸಾಬೂನೂ ಸಿದ್ಧವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ, ವಿಶ್ವೇಶ್ವರಯ್ಯನವರ ದೃಷ್ಟಿ, ಸೋಸಲೆ ಗರಳಪುರಿ ಶಾಸ್ತ್ರಿಗಳ ರಸಾಯನ ಜ್ಞಾನ, ಈ ಮೂರೂ ಅಲ್ಲಿ ಕೂಡಿದುವು. ಕಾರ್ಖಾನೆಯು ಈಗಿರುವ ಸ್ಥಳಕ್ಕೆ ಬಂದುದು 1957ರಲ್ಲಿ. ಸಾಬೂನಿನ ಪೆಟ್ಟಿಗೆಯ ಮೇಲೆ ಸಿಂಹದ ಶರೀರಕ್ಕೆ ಆನೆಯ ಶಿರಸ್ಸನ್ನು ಕೂಡಿಸಿದ ಶರಭದ ಚಿತ್ರವನ್ನು ಮಕ್ಕಳಿಗೆ ತೋರಿಸಿ, ಇಂತಹ ಮೃಗಗಳು ದೇವಾಲಯಗಳ ಕಂಬಗಳಲ್ಲಿಯೂ ಇರುವುವೆಂದು ಹೇಳಿದರೆ, ಮುಂದಿನ ಯಾತ್ರೆಯಲ್ಲಿ ಅವರೇ ಹುಡುಕಿ ತೋರಿಸುವರು. ಮೆಟ್ರೊ ರೈಲಿನ ನಿಲ್ದಾಣವೊಂದಕ್ಕೂ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯೆಂದೇ ಹೆಸರಿದೆ. 2014ರ ಮಾರ್ಚಿನಲ್ಲಿ ಆ ಮಾರ್ಗ ತೆರೆದ ಮೇಲೆ ವೃದ್ಧರಿಗೂ ಅಲ್ಲಿ ಇಳಿದು ಸ್ವಲ್ಪ ದೂರ ನಡೆಯುವ ಅನುಕೂಲವಾಗಿದೆ.

ಹೆಸರುಗಳ ಕೆಳಗಿನ ಪದರವೇ ನಿಜಕ್ಕೂ ಹಳೆಯದು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ನಾಗರಭಾವಿ, ಪಟ್ಟಣಗೆರೆ, ಅಗ್ರಹಾರ ದಾಸರಹಳ್ಳಿ, ಕಾಮಾಕ್ಷಿಪಾಳ್ಯ: ಇವು ಬಡಾವಣೆಗಳ ನಕ್ಷೆ ಬರೆಯುವ ಎಷ್ಟೋ ಮೊದಲೇ ಇದ್ದ ಊರುಗಳು. ಅತ್ತಿಯ ಮರ, ನಾಗರ ಬಾವಿ, ಪಟ್ಟಣದ ಕೆರೆ, ದಾನ ಕೊಟ್ಟ ಅಗ್ರಹಾರ ಎಂದು ಒಂದೊಂದು ಹೆಸರೂ ಒಂದೊಂದು ಸಂಗತಿಯನ್ನು ಹಿಡಿದಿಟ್ಟಿದೆ. ಮೂಡಲಪಾಳ್ಯದ ವಿಷಯ ಇನ್ನೂ ಸ್ವಾರಸ್ಯಕರ. ಮೂಡಲೆಂದರೆ ಪೂರ್ವ. ಬೆಂಗಳೂರಿನ ಪಶ್ಚಿಮಕ್ಕಿರುವ ಊರಿಗೆ ಪೂರ್ವದ ಹೆಸರೇಕೆ? ಆ ಹೆಸರಿಟ್ಟವರು ಬೆಂಗಳೂರನ್ನು ಕೇಂದ್ರವೆಂದು ಎಣಿಸಿಯೇ ಇರಲಿಲ್ಲವೆಂಬುದೊಂದೇ ಇದಕ್ಕೆ ತೋರುವ ಸಮಾಧಾನ. ತಮ್ಮ ಊರಿನಿಂದ ಸೂರ್ಯ ಹುಟ್ಟುವ ಕಡೆಗೆ ಇದ್ದ ಪಾಳ್ಯ ಅವರಿಗೆ ಮೂಡಲಪಾಳ್ಯ. ಪಕ್ಕದ ಪೇಟೆ ಮುಂದೊಂದು ದಿನ ಮಹಾನಗರವಾಗಿ ತಮ್ಮ ದಿಕ್ಕನ್ನೇ ಬದಲಿಸೀತೆಂದು ಅವರು ಕನಸಿನಲ್ಲೂ ನೆನೆದಿರಲಾರರು.

ಹೆಸರುಗಳ ವ್ಯುತ್ಪತ್ತಿಯಲ್ಲಿ ಎಚ್ಚರಿಕೆಯೂ ಬೇಕು. ಹೊಯ್ಸಳ ದೊರೆಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಕಥೆಯಿಂದ ಬೆಂಗಳೂರಿನ ಹೆಸರನ್ನು ಬಿಡಿಸುವುದು ಬಹುಜನಪ್ರಿಯ. ಆದರೆ ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವು ಆಗಲೇ ಬಂದಿದೆ. ಹೊಯ್ಸಳರು ಪ್ರಬಲರಾಗುವುದಕ್ಕೂ ಮುಂಚಿನ ಮಾತಿದು; ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದುದಂತೂ ಆರು ಶತಮಾನಗಳಿಗೂ ಆಚಿನ ಸಂಗತಿ. ಕಥೆಯನ್ನು ಕಥೆಯಾಗಿಯೂ ಕಲ್ಲನ್ನು ಕಲ್ಲಾಗಿಯೂ ಬರೆದುಕೊಳ್ಳುವುದು ಒಳ್ಳೆಯ ಪದ್ಧತಿ. ಕೆಂಗೇರಿಯೆಂಬುದು ತೆಂಗಿನಕೇರಿಯಿಂದ ಬಂದಿತೆಂದು ಯಾರಾದರೂ ಹೇಳಿದರೆ ಹೇಳಿದವರ ಮಾತೆಂದೇ ಅದನ್ನು ಗುರುತಿಸಬೇಕು.

ಬಡಾವಣೆಯೊಳಗೆ ಹುದುಗಿದ ಹಳೆಯ ಊರನ್ನು ಕಂಡುಹಿಡಿಯುವುದು ಕಷ್ಟವಲ್ಲ. ಅಳತೆಪಟ್ಟಿ ಹಿಡಿದು ಎಳೆದ ಅಡ್ಡರಸ್ತೆಗಳ ನಡುವೆ ಒಮ್ಮೆಲೇ ಬೀದಿ ಕಿರಿದಾಗಿ ವಕ್ರವಾಗುವುದು. ಮನೆಗಳ ಹೊಸಲು ರಸ್ತೆಗಿಂತ ಕೆಳಗಿರುವುದು. ಅರಳಿ ಬೇವುಗಳ ಜೋಡಿ, ನಾಗರಕಲ್ಲು, ಮಾರಮ್ಮನ ಗುಡಿ, ಆಂಜನೇಯನ ಗುಡಿ ಇವು ಹತ್ತಿಪ್ಪತ್ತು ಮಾರುಗಳೊಳಗೆ ಕಾಣುವುವು. ಅಲ್ಲಿ ನಿಂತು ಊರ ಹಿರಿಯರೊಬ್ಬರನ್ನು ‘ಕೆರೆ ಎಲ್ಲಿತ್ತು?’ ಎಂದು ಕೇಳಿದರೆ ಸಾಕು. ‘ಇತ್ತೆ?’ ಎಂದು ಕೇಳಬೇಕಾದುದಿಲ್ಲ. ಈ ಸೀಮೆಯಲ್ಲಿ ಕೆರೆಯಿಲ್ಲದ ಊರಿರಲಿಲ್ಲ. ಕೈತೋರಿದ ದಿಕ್ಕಿಗೆ ಹೋದರೆ ಆಟದ ಮೈದಾನವೋ ಬಸ್ಸು ನಿಲ್ದಾಣವೋ ಸರ್ಕಾರಿ ಕಟ್ಟಡವೋ ಎದುರಾಗುವುದು. ಸುತ್ತಲಿಗಿಂತ ತಗ್ಗಾದ, ಒಂದು ಕಡೆ ಮಾತ್ರ ದಿಣ್ಣೆಯಾಗಿ ಏರಿದ ಆ ನೆಲದ ಆಕೃತಿ ಯಾವ ಡಾಂಬರಿನಿಂದಲೂ ಪೂರ್ತಿಯಾಗಿ ಮುಚ್ಚಿಹೋಗದು. ಕೆಂಪೇಗೌಡ ಬಸ್ಸು ನಿಲ್ದಾಣವು ಧರ್ಮಾಂಬುಧಿ ಕೆರೆಯ ಅಂಗಳವೆಂಬುದು ಎಲ್ಲರೂ ಬಲ್ಲ ವಿಷಯವಾದರೂ, ಅಲ್ಲಿ ಜೋರುಮಳೆಗೆ ನೀರು ನಿಂತಾಗ ಅದನ್ನು ನೆನೆಯುವವರು ಕಡಮೆ.

ನೀರಿನ ಮಾತು ಬಂದಾಗ ವೃಷಭಾವತಿಯನ್ನು ಬಿಟ್ಟು ಪಡುವಣ ಬೆಂಗಳೂರಿನ ಕಥೆಯಿಲ್ಲ. ಬೆಂಗಳೂರು ಒಂದು ಎತ್ತರದ ದಿಬ್ಬದ ಮೇಲೆ ಕುಳಿತ ಊರು. ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ ಹರಿದರೆ, ಪಶ್ಚಿಮದ ಇಳಿಜಾರಿನದು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಯನ್ನೂ ಸೇರುವುದು. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ನದಿ ಹುಟ್ಟಿತೆಂಬ ನಂಬಿಕೆಯಿಂದಲೇ ಅದಕ್ಕೆ ಈ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಾಲಯವು ಹೊಳೆಯ ದಂಡೆಯ ಕ್ಷೇತ್ರವಾಗಿಯೇ ಪ್ರಸಿದ್ಧವಾದುದು. ವ್ಯಾಸರಾಯರ ಪ್ರತಿಷ್ಠೆಯೆಂದು ಅಲ್ಲಿನ ಐತಿಹ್ಯ. ಇಂದು ಅಲ್ಲಿ ಬಂದು ಕೈಮುಗಿಯುವವರಲ್ಲಿ ಹಲವರಿಗೆ ಪಕ್ಕದಲ್ಲಿ ಹರಿಯುವುದು ನದಿಯೆಂದು ತಿಳಿಯದು. ‘ಮೋರಿ’ ಎನ್ನುವರು. ಮಳೆಗಾಲದಲ್ಲಿ ಆ ಮೋರಿ ಉಕ್ಕಿ ದೇವಾಲಯದೊಳಕ್ಕೇ ನುಗ್ಗಿದುದುಂಟು.

ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ರಸ್ತೆ, ರೈಲು, ನದಿ ಮೂರೂ ಹೆಚ್ಚುಕಡಮೆ ಜೊತೆಜೊತೆಯಾಗಿ ಸಾಗುತ್ತವೆ. ಇದು ಕಾಕತಾಳೀಯವಲ್ಲ. ನದಿ ಕೊರೆದ ಕಣಿವೆಯ ಸುಲಭ ಇಳಿಜಾರನ್ನೇ ಎತ್ತಿನ ಗಾಡಿಗಳು ಹಿಡಿದುವು. ಗಾಡಿದಾರಿಯನ್ನೇ ಸೈನ್ಯಗಳು ಹಿಡಿದುವು. ಟಿಪ್ಪು ಸುಲ್ತಾನನ ಪತನಾನಂತರ, 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋದುದೂ ಕೆಂಗೇರಿ, ಬಿಡದಿ, ಚನ್ನಪಟ್ಟಣ, ಮದ್ದೂರುಗಳ ಇದೇ ದಾರಿಯಲ್ಲಿ. ದಿನಕ್ಕೆ ಕೆಲವೇ ಹರದಾರಿ ಸಾಗಿ, ಇಳಿದ ಊರಿನಲ್ಲಿ ಬೆಳೆ ಯಾವುದು, ಕಂದಾಯವೆಷ್ಟು, ನೀರೆಲ್ಲಿಯದು, ನೇಯುವವರು ಯಾರು ಎಂದು ಕೇಳಿ ಅವನು ದಿನಚರಿ ಬರೆದನು. ಅದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಕಂಪನಿಯ ಪ್ರಯೋಜನಕ್ಕಾಗಿ ಬರೆದವನು, ಊರುಗಳ ಹೆಸರನ್ನು ಗುರುತು ಸಿಗದಂತೆ ಕೆಡಿಸಿದವನು. ಆದರೂ ನಿಂತು ಕೇಳುವ ಅವನ ತಾಳ್ಮೆ ಅನುಕರಣೀಯ. ಆಮೇಲೆ, ಧಾತು ಈಶ್ವರ ಬರವೆಂದು ಹೆಸರಾದ 1876-78ರ ಕ್ಷಾಮವು ಕಳೆದ ಬಳಿಕ, ಮೈಸೂರಿನವರೆಗೆ ಹಾಸಿದ ರೈಲುಹಳಿ 1882ರಲ್ಲಿ ಪೂರ್ಣವಾಗಿ ಕೆಂಗೇರಿಯೂ ಒಂದು ನಿಲ್ದಾಣವಾಯಿತು.

ಈ ದಾರಿಯಲ್ಲಿ ನಡೆಯುವವನಿಗೆ ಮೂಗು ಮುಚ್ಚದೆ ಗತ್ಯಂತರವಿಲ್ಲ. ಮಿಂದು ಬಟ್ಟೆ ಒಗೆದ ನೀರೆಂದು ಹಿರಿಯರು ಹೇಳುವ ಹೊಳೆಯಲ್ಲಿ ಇಂದು ನೊರೆ ತೇಲುತ್ತಿದೆ. ಅರ್ಧ ನಗರದ ಮಲಿನಜಲವನ್ನೂ ಕಾರ್ಖಾನೆಗಳ ಕಷಾಯವನ್ನೂ ಹೊತ್ತು ಅದು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಹೋಗಿ ಸೇರುತ್ತದೆ, ಅಲ್ಲಿಂದ ಗದ್ದೆಗಳಿಗೆ. ಶುದ್ಧೀಕರಣದ ಘಟಕಗಳು ಮೈಸೂರು ರಸ್ತೆಯ ಬದಿಯಲ್ಲಿ ಇಲ್ಲದೆಯಿಲ್ಲ. ನದಿಯನ್ನು ನೋಡಿದರೆ ಅವು ಸಾಲವೆಂಬುದು ತಾನೇ ತಿಳಿಯುವುದು. ನೀರನ್ನು ಸೋಸಿ ಕುಡಿಯುವ, ನೀರಿನಲ್ಲಿ ಅಗಣಿತ ಜೀವಗಳನ್ನು ಕಾಣುವ ಸಂಪ್ರದಾಯದವರು ಆ ಸೇತುವೆಯ ಮೇಲೆ ಐದು ನಿಮಿಷ ನಿಂತು ನೋಡುವುದು ಅವಶ್ಯ. ಮೆಟ್ರೊ ರೈಲು 2021ರ ಆಗಸ್ಟಿನಿಂದ ಕೆಂಗೇರಿಯವರೆಗೆ ಎತ್ತರದಲ್ಲಿ ಓಡುತ್ತಿದ್ದು, ಅದರ ಕಿಟಕಿಯಿಂದ ಕಣಿವೆಯ ಆಕಾರವೇನೋ ಚೆನ್ನಾಗಿ ಕಾಣುವುದು. ವಾಸನೆ ಮಾತ್ರ ಅಲ್ಲಿಗೆ ಮುಟ್ಟದು.

ಕೆಂಗೇರಿಯು 2007ರವರೆಗೂ ತನ್ನದೇ ಪುರಸಭೆಯನ್ನು ಹೊಂದಿದ್ದ ಪ್ರತ್ಯೇಕ ಊರು. ಆ ವರ್ಷ ಬೃಹತ್ ಬೆಂಗಳೂರಿಗೆ ಸೇರಿತು. 2025ರಲ್ಲಿ ಬೃಹತ್ ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆಯಿತು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಕೆಂಗೇರಿಯ ಹಳೆಯ ಪೇಟೆಯ ಬೀದಿಗಳಿಗೂ ಉಪನಗರದ ಬೀದಿಗಳಿಗೂ ಇರುವ ವ್ಯತ್ಯಾಸ ಕಾಲಿಗೆ ಕೂಡಲೇ ತಿಳಿಯುವಂತಿದೆ.

ಇನ್ನು ಮಾಗಡಿ ರಸ್ತೆ. ಪಡುವಣ ದಿಕ್ಕಿನ ದಾರಿಗಳಲ್ಲಿ ಜೈನ ಸಮಾಜಕ್ಕೆ ಎಲ್ಲಕ್ಕಿಂತ ಹತ್ತಿರವಾಗಬೇಕಾದುದು ಇದು. ಬಹುಶಃ ಎಲ್ಲಕ್ಕಿಂತ ಕಡಮೆ ಪರಿಚಿತವಾದುದೂ ಇದೇ. ರಾಜಾಜಿನಗರ ವಿಜಯನಗರಗಳ ನಡುವೆ ಇದರ ಮೇಲೆ ‘ಟೋಲ್‌ಗೇಟ್’ ಎಂಬ ನಿಲ್ದಾಣವಿದೆ. ಗೇಟು ಕಾಣದು, ಹೆಸರು ಉಳಿದಿದೆ. ಅಲ್ಲಿಂದ ಕಾಮಾಕ್ಷಿಪಾಳ್ಯವನ್ನು ದಾಟಿ ಪಡುವಣಕ್ಕೆ ನಡೆದರೆ ‘ಸುಂಕದಕಟ್ಟೆ’ ಬರುವುದು. ಎರಡು ಹೆಸರುಗಳ ಅರ್ಥವೂ ಒಂದೇ, ಭಾಷೆ ಮಾತ್ರ ಬೇರೆ. ಒಂದೇ ದಾರಿಯಲ್ಲಿ ಊರು ಒಳಬರುವ ಸರಕಿಗೆ ತೆರಿಗೆ ಕೇಳಿದ ಎರಡು ತಾಣಗಳ ನೆನಪು, ಎರಡು ಆಡಳಿತಗಳ ನುಡಿಯಲ್ಲಿ ಹೀಗೆ ನಿಂತಿದೆ. ಶಾಸನಗಳಲ್ಲಿ ಸುಂಕದ ಮಾತು ಪದೇ ಪದೇ ಬರುವುದೆಂಬುದನ್ನು ಇಲ್ಲಿ ನೆನೆಯಬಹುದು. ಬಸದಿಗೆ, ದೇಗುಲಕ್ಕೆ ದೀಪದ ಎಣ್ಣೆಯ ವೆಚ್ಚವು ಎಷ್ಟೋ ವೇಳೆ ಇಂತಹ ಕಟ್ಟೆಗಳ ಹುಟ್ಟುವಳಿಯಿಂದಲೇ ಬಂದುದು. ಮುಂದೆ ತಾವರೆಕೆರೆಯ ಸೀಮೆಯಲ್ಲಿ, ಅರ್ಕಾವತಿಗೆ ಕುಮುದ್ವತಿ ಸೇರುವೆಡೆ, 1933ರಲ್ಲಿ ಪೂರ್ಣವಾದ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವಿದೆ. ಕಾವೇರಿಯ ನೀರು ಬರುವ ಮೊದಲು ಬೆಂಗಳೂರು ಬಾಯಾರದಂತೆ ನೋಡಿಕೊಂಡ ಜಲಾಶಯವದು.

ಈ ದಾರಿಗಳಲ್ಲಿ ನಡೆಯುವವರು ಕಲ್ಲುಗಳನ್ನು ಗುರುತಿಸಲು ಕಲಿಯಬೇಕು. ಕತ್ತಿ ಹಿಡಿದು ಹೋರುವವನನ್ನು ಕೆಳಗೂ ಅಪ್ಸರೆಯರು ಒಯ್ಯುವುದನ್ನು ಮೇಲೆಯೂ ಕೆತ್ತಿದ್ದರೆ ವೀರಗಲ್ಲು. ಬಳೆ ತೊಟ್ಟ ಎತ್ತಿದ ತೋಳಿದ್ದರೆ ಮಾಸ್ತಿಕಲ್ಲು. ಸೂರ್ಯಚಂದ್ರರೊಡನೆ ಅಕ್ಷರ ತುಂಬಿದ್ದರೆ ದಾನಶಾಸನ. ಮುಕ್ಕೊಡೆಯ ಕೆಳಗೆ ಪದ್ಮಾಸನದಲ್ಲಿ ಜಿನಬಿಂಬ, ಅದರಡಿಯಲ್ಲಿ ಠವಣೆಕೋಲಿನ ಮುಂದೆ ಕುಳಿತ ಗುರು, ಎದುರಿಗೆ ಕೈಮುಗಿದ ವ್ಯಕ್ತಿ ಇದ್ದರೆ ಅದು ಸಲ್ಲೇಖನದಿಂದ ಸಮಾಧಿಯನ್ನು ಪಡೆದವರ ನಿಸಿಧಿಯೆಂದು ತಿಳಿಯಬಹುದು. ಅಕ್ಷರವಿಲ್ಲದೆ ಮುಕ್ಕೊಡೆಯೊಂದನ್ನೇ ಕೊರೆದ ಕಲ್ಲು ಬಸದಿಯ ಭೂಮಿಯ ಎಲ್ಲೆಕಲ್ಲಾಗಿರಬಹುದು. ಗಂಗರು ಆಳಿದ ಈ ನೆಲದಲ್ಲಿ ಅಂಥವು ಸಿಕ್ಕರೆ ಆಶ್ಚರ್ಯವಿಲ್ಲ. ಇದೇ ಬೆಂಗಳೂರಿನ ವಾಯವ್ಯಕ್ಕೆ ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ಗಂಗರ ದಂಡನಾಯಕ ಶ್ರೀವಿಜಯನು ಎತ್ತಿಸಿದ ಜಿನಾಲಯಕ್ಕೆ ಕ್ರಿ.ಶ. 797ರಲ್ಲಿ ದಾನ ಸಂದಿತೆಂದು ತಾಮ್ರಶಾಸನವೇ ಸಾರುತ್ತಿದೆ.

ಕಳವಳದ ಸಂಗತಿಯೆಂದರೆ, 1905ರ ಸಂಪುಟದಲ್ಲಿ ಅಚ್ಚಾದ ಬೆಂಗಳೂರು ಸೀಮೆಯ ಕಲ್ಲುಗಳಲ್ಲಿ ಹಲವು ಇಂದು ಸ್ಥಳದಲ್ಲಿಲ್ಲ. ಯಾರೂ ಹಗೆಯಿಂದ ಒಡೆದುದಲ್ಲ. ರಸ್ತೆಯನ್ನು ಪದರದ ಮೇಲೆ ಪದರವಾಗಿ ಏರಿಸಿದಾಗ ಹೂತುಹೋದುವು. ಪಾಯಕ್ಕೆ, ಚರಂಡಿಗೆ ಬಳಕೆಯಾದುವು. ಗುಡಿಯ ಜೀರ್ಣೋದ್ಧಾರದಲ್ಲಿ ಹಳೆಯ ಕಲ್ಲೆಂದು ಹೊರಗೆ ಹಾಕಲ್ಪಟ್ಟುವು. ಉಳಿದವುಗಳ ಮೇಲೆ ಭಕ್ತಿಯಿಂದ ಬಳಿದ ಎಣ್ಣೆಬಣ್ಣ ಅಕ್ಷರಗಳನ್ನು ನುಂಗಿತು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಈಚಿನ ವರ್ಷಗಳಲ್ಲಿ ಬೆಂಗಳೂರಿನ ಶಾಸನಗಳನ್ನು ಹುಡುಕಿ, ಮೂರು ಆಯಾಮಗಳ ಯಂತ್ರಚಿತ್ರಗಳಲ್ಲಿ ಸಂರಕ್ಷಿಸುವ ಶ್ಲಾಘ್ಯವಾದ ಕಾರ್ಯವನ್ನು ಕೈಗೊಂಡಿದೆ. ಆದರೆ ಪ್ರತಿಯೊಂದು ಬೀದಿಗೂ ವಿದ್ವಾಂಸರೇ ಬರಲೆಂದು ಕಾಯುವಂತಿಲ್ಲ. ಬೀದಿಯಲ್ಲಿ ಇರುವವರು ಬಡಾವಣೆಯ ನಿವಾಸಿಗಳು. ಗುದ್ದಲಿ ಬೀಳುವ ದಿನ ಮನೆಯ ಮುಂದೆ ನಿಂತಿರುವವರೂ ಅವರೇ.

ಕಲ್ಲು ಕಂಡಾಗ ಮಾಡತಕ್ಕುದು ಸ್ವಲ್ಪ, ಮಾಡಬಾರದುದು ಹೆಚ್ಚು. ನೀರು ಮತ್ತು ಮೆತ್ತನೆಯ ಕುಂಚವನ್ನುಳಿದು ಬೇರೇನನ್ನೂ ಸೋಕಿಸಬಾರದು. ಕಬ್ಬಿಣದ ಕುಂಚ, ಆಮ್ಲ, ಸುಣ್ಣ, ಬಣ್ಣ ಇವು ಸರ್ವಥಾ ವರ್ಜ್ಯ. ಛಾಯಾಚಿತ್ರ ತೆಗೆದು, ಸ್ಥಳ ದಿನಾಂಕಗಳನ್ನು ಬರೆದು, ಪುರಾತತ್ತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ತಿಳಿಸಬೇಕು. ಅಭಿಮಾನದಿಂದ ಕಲ್ಲನ್ನು ಹೊತ್ತು ತಂದು ಬಸದಿಯ ಅಂಗಳದಲ್ಲಿ ನಿಲ್ಲಿಸುವ ಉತ್ಸಾಹ ಕೆಲವೆಡೆ ಕಾಣುತ್ತದೆ. ಭಾವನೆ ಒಳ್ಳೆಯದೇ. ಆದರೆ ನಿಂತ ನೆಲವನ್ನು ಬಿಟ್ಟು ಬಂದ ಶಾಸನ ಅರ್ಧ ಸಾಕ್ಷ್ಯವನ್ನು ಅಲ್ಲಿಯೇ ಬಿಟ್ಟು ಬಂದಿರುತ್ತದೆ. ಎಲ್ಲೆಕಲ್ಲನ್ನು ಕಿತ್ತು ತಂದರೆ ಎಲ್ಲೆ ಯಾವುದೆಂದು ಹೇಳುವವರಾರು?

ಒಂದು ಕಲ್ಲು ಏನನ್ನು ಉಳಿಸಿಕೊಡಬಲ್ಲದೆಂಬುದಕ್ಕೆ ಮಾಗಡಿ ರಸ್ತೆಯ ತುದಿಯಲ್ಲಿಯೇ ನಿದರ್ಶನವಿದೆ. ಕ್ರಿ.ಶ. 1368, ಶಕವರ್ಷ 1290, ಕೀಲಕ ಸಂವತ್ಸರ. ವಿಜಯನಗರದ ಬುಕ್ಕರಾಯನ ಮುಂದೆ ಜೈನರ ದೂರೊಂದು ಬಂದಿತು. ತಮ್ಮ ಆಚರಣೆಗಳಿಗೆ ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ, ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಭವ್ಯಜನರು ಬಿನ್ನೈಸಿಕೊಂಡಿದ್ದರು. ಅರಸನು ಎರಡೂ ಪಕ್ಷಗಳ ಪ್ರಮುಖರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಕ್ಕೂ ಕಲಶಕ್ಕೂ ಜೈನದರ್ಶನವು ಪೂರ್ವಮರ್ಯಾದೆಯಂತೆ ಅರ್ಹವೆಂದೂ, ಅದಕ್ಕೆ ಹಾನಿಯಾದರೆ ವೈಷ್ಣವರು ತಮಗೇ ಆದ ಹಾನಿಯೆಂದು ಭಾವಿಸಿ ಕಾಪಾಡಬೇಕೆಂದೂ ವಿಧಿಸಿದನು. ತಿರುಮಲೆಯ ತಾತಯ್ಯನು ಜೈನರ ಮನೆಬಾಗಿಲಿಗೆ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬ ಏರ್ಪಾಡೂ ಆಯಿತು. ಜೈನರ ಹಣವನ್ನು ವೈಷ್ಣವರ ಆಚಾರ್ಯ ಪುರುಷನೊಬ್ಬನು ಸಂಗ್ರಹಿಸಿ ಜೈನ ಕ್ಷೇತ್ರವನ್ನು ಕಾಯುವುದು! ಇಂತಹ ನಂಬಿಕೆಯ ಏರ್ಪಾಡನ್ನು ನೆನೆದರೆ ಇಂದಿಗೂ ಮೈನವಿರೇಳುವುದು.

ಈ ಶಾಸನದ ಕಲ್ಲು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆಯೆಂಬುದನ್ನು ಅನೇಕರು ಬಲ್ಲರು. ಇದರ ಮತ್ತೊಂದು ಪ್ರತಿ ಇರುವುದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಎಂಬುದನ್ನು ಬಲ್ಲವರು ಕಡಮೆ. ದೂರು ಕೊಟ್ಟವರ ಪಟ್ಟಿಯಲ್ಲಿ ಬರುವ ಕಲ್ಲೆಹದ ಪಟ್ಟಣವೇ ಈ ಕಲ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಬೆಳಗೊಳದ ಶಾಸನದ ಕೊನೆಯಲ್ಲಿ, ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ ಈ ಕಾರ್ಯವನ್ನು ಊರ್ಜಿತಗೊಳಿಸಿದನೆಂದೂ, ಎರಡು ಸಮಯಗಳವರೂ ಕೂಡಿ ಅವನಿಗೆ ಸಂಘನಾಯಕ ಪದವಿಯನ್ನು ಕಟ್ಟಿದರೆಂದೂ ಇದೆ. ಬೆಂಗಳೂರಿನ ಪಡುವಣ ಬಾಗಿಲಿನಿಂದ ಒಂದು ಹಗಲಿನ ಗಾಡಿಪಯಣದಷ್ಟು ದೂರದ ಊರಿನ ವರ್ತಕನೊಬ್ಬನ ಪ್ರಯತ್ನವದು. ಕಲ್ಲಿಲ್ಲದಿದ್ದರೆ ಅವನ ಹೆಸರು ಇಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆದುದರಿಂದ ಟೋಲ್‌ಗೇಟಿನಿಂದ ಸುಂಕದಕಟ್ಟೆಯವರೆಗಿನ ನಡಿಗೆಯನ್ನು ಒಂದು ಭಾನುವಾರ ಮುಗಿಸಿದವರು, ಮತ್ತೊಂದು ಭಾನುವಾರ ಮುಂಜಾನೆಯ ಬಸ್ಸನ್ನು ಹಿಡಿದು ಮಾಗಡಿಗೆ ಹೋಗಿ, ಅಲ್ಲಿಂದ ಕಲ್ಯಕ್ಕೆ ನಡೆಯಬಹುದು. ಸಂಗಡ 9ನೆಯ ಸಂಪುಟದ ಮಾಗಡಿ ತಾಲ್ಲೂಕಿನ 18ನೆಯ ಶಾಸನದ ಪಾಠವನ್ನು ಬರೆದುಕೊಂಡು ಹೋಗಬೇಕು. ಹೊತ್ತೇರುವ ಮೊದಲೇ ಸೇರುವುದು ಲೇಸು. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರಗಳು ಕಲ್ಲಿನೊಳಗೆ ಅಡಗಿಬಿಡುವುವು, ಬೆಳಗಿನ ಓರೆಬಿಸಿಲು ಬಿದ್ದಾಗ ಒಂದೊಂದಾಗಿ ಎದ್ದು ಬರುವುವು.